ರಾಯಚೂರು 1520 ಸಿನಿಮಾ ಆದರೆ ಏನೇನು ಬೇಕು, ಏನೇನು ಬೇಡ?

ಕೋಟೆಗಲ್ಲು:
ವಿಜಯನಗರದ ಮೇಲೆ ಒಂದು ದೊಡ್ಡ ಸಿನಿಮಾ ಬರಬೇಕು ಅನ್ನೋ ಮಾತು ಆಗಾಗ ಏಳುತ್ತೆ, ಯಾವ ಹೀರೋ, ಎಷ್ಟು ಕೋಟಿ ಅನ್ನೋದರಲ್ಲೇ ಮುಗಿದು ಹೋಗುತ್ತೆ. ಈ ಸಲ ಒಂದೇ ಘಟನೆ ಇಟ್ಟುಕೊಂಡು ಮಾತಾಡೋಣ: 1520ರ ಮೇ 19ರ ರಾಯಚೂರು ಯುದ್ಧ. ಈ ಕಡೆ ಕೃಷ್ಣದೇವರಾಯ, ಆ ಕಡೆ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ.

ಇದೇ ಯಾಕೆ ಅಂದರೆ, ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಇದನ್ನು ದೃಶ್ಯ ದೃಶ್ಯವಾಗಿ ಬರೆದಿಟ್ಟಿದ್ದಾನೆ. ಬಿಜಾಪುರದ ಕೈಲಿರೋ ಕೋಟೆಗೆ ರಾಯರ ಮುತ್ತಿಗೆ ಬಿದ್ದಿದೆ. ಗೋಡೆ ಕೆಡವೋಕೆ ಸೈನಿಕರು ಹಾರೆ, ಗುದ್ದಲಿ ಹಿಡಿದು ಬುಡಕ್ಕೇ ಹೋಗಬೇಕು, ಮೇಲಿನಿಂದ ಬಾಣ, ಕಲ್ಲು, ಗುಂಡು ಸುರಿಯುತ್ತಿದೆ. ಯಾರೂ ಮುಂದೆ ಹೋಗಲ್ಲ. ಆಗ ನಾಯಕರು ಒಂದು ಉಪಾಯ ಮಾಡ್ತಾರೆ: ಗೋಡೆಯಿಂದ ಕಿತ್ತು ತಂದ ಪ್ರತಿ ಕಲ್ಲಿಗೂ ಗಾತ್ರ ನೋಡಿ ದುಡ್ಡು. ಜೀವ ಕೈಯಲ್ಲಿ ಹಿಡಿದುಕೊಂಡು ಕಲ್ಲು ಹೊತ್ತು ತರೋರ ಸಾಲು ಶುರುವಾಗುತ್ತೆ. ಅದು ಆಗೋಕೂ ಕಾರಣವಿದೆ. ರಾಯಚೂರಿನ ಗೋಡೆ ಗಾರೆ ಇಲ್ಲದೆ ದೊಡ್ಡ ಕಲ್ಲುಗಳನ್ನ ಒಂದರ ಮೇಲೊಂದು ಕೂರಿಸಿ, ಒಳಗೆ ಮಣ್ಣು ತುಂಬಿದ ಗೋಡೆ. ಒಂದು ಕಲ್ಲು ಸಡಿಲಾದರೆ ಪಕ್ಕದ್ದು ಬರುತ್ತೆ.

ಹತ್ತು ನಿಮಿಷದ ಅಪ್ಪಟ ಸಿನಿಮಾ ಇದು, ಹೀರೋನೂ ಬೇಕಾಗಿಲ್ಲ. ಆದರೆ ನಮ್ಮಲ್ಲಿ ಯಾರಾದರೂ ತೆಗೆದರೆ ಈ ಜಾಗದಲ್ಲಿ ಹೀರೋ ಒಬ್ಬನೇ ಬಾಗಿಲಿಗೆ ಒದೆಯೋ ಸ್ಲೋ ಮೋಷನ್ ಇರುತ್ತೆ ಅನ್ನೋದೇ ನನ್ನ ಭಯ. ನಿಮ್ಮ ನಿರೀಕ್ಷೆ ಏನು, ಬರೀರಿ. ಕ್ಯಾಸ್ಟಿಂಗ್ ಪಟ್ಟಿ ಮಾತ್ರ ಬೇಡ.

ಫಸ್ಟ್_ಶೋ_ಸೀಟಿ:
ಗುರು, ಒದೆಯೋ ಶಾಟ್ ಇರಲಿ ಬಿಡಪ್ಪಾ, ಥಿಯೇಟರ್‌ಗೆ ಜನ ಬರೋದು ಅದಕ್ಕೇ! ನನ್ನ ನಿರೀಕ್ಷೆ ಒಂದೇ, ಸ್ಕೇಲ್. ಅದೇ ನೂನಿಜ್ ರಾಯರ ಸೈನ್ಯ ಏಳು ಲಕ್ಷಕ್ಕೂ ಮೀರಿದ ಕಾಲಾಳು, 32,600 ಕುದುರೆ, 551 ಆನೆ ಅಂತ ಲೆಕ್ಕ ಕೊಟ್ಟಿದ್ದಾನಲ್ಲ? ಪರದೆ ತುಂಬ ಸೈನ್ಯ ಕಾಣಬೇಕು. ಇನ್ನೂರು ಜನ ಜೂನಿಯರ್ ಆರ್ಟಿಸ್ಟ್ ಇಟ್ಟುಕೊಂಡು ಕ್ಲೋಸಪ್ಪಲ್ಲಿ ಯುದ್ಧ ಮುಗಿಸಿದರೆ ಇಂಟರ್‌ವಲ್ಲಿಗೇ ಎದ್ದು ಬರ್ತೀವಿ.

ಕೀಫ್ರೇಮ್:
@ಫಸ್ಟ್_ಶೋ_ಸೀಟಿ ಏಳು ಲಕ್ಷದ ಲೆಕ್ಕವನ್ನ ಇತಿಹಾಸಕಾರರು ಅಕ್ಷರಶಃ ತಗೊಳ್ಳಲ್ಲ, ಅದು ಹಾಗಿರಲಿ. ಅಷ್ಟು ಜನ ಇದ್ದರೂ ಕ್ಯಾಮೆರಾಗೆ ಏನು ಕಾಣುತ್ತೆ ಅನ್ನೋದನ್ನ ಲೆಕ್ಕ ಹಾಕಿ.

ಸೂಪರ್ 35 ಸೆನ್ಸರ್ (ಕ್ಯಾಮೆರಾದಲ್ಲಿ ಚಿತ್ರ ಹಿಡಿಯೋ ಚಿಪ್), ಅದರ ಅಗಲ ಸುಮಾರು 25 ಮಿ.ಮೀ. ಅದಕ್ಕೆ 35 ಎಂ.ಎಂ. ಲೆನ್ಸ್ ಹಾಕಿದರೆ 300 ಮೀಟರ್ ದೂರದಲ್ಲಿ ಫ್ರೇಮಿನೊಳಗೆ ಬೀಳೋ ಅಗಲ ಸುಮಾರು 213 ಮೀಟರ್. 4ಕೆ ಅಂದರೆ ಅಡ್ಡಕ್ಕೆ 4,096 ಪಿಕ್ಸೆಲ್. ಅಲ್ಲಿಗೆ ಮೀಟರಿಗೆ 19 ಪಿಕ್ಸೆಲ್, ಒಬ್ಬ ಸೈನಿಕ ಮೂವತ್ತು ಚಿಲ್ಲರೆ ಪಿಕ್ಸೆಲ್ ಎತ್ತರ. ಒಂದು ಕಿ.ಮೀ. ದೂರ ಹೋದರೆ ಹತ್ತು ಪಿಕ್ಸೆಲ್. ವಿಎಫ್‌ಎಕ್ಸ್ (ಕಂಪ್ಯೂಟರ್‌ನಲ್ಲಿ ಮಾಡೋ ದೃಶ್ಯ) ಕೆಲಸ 2ಕೆಯಲ್ಲಿ ಮಾಡಿದ್ದರೆ ಇದರಲ್ಲೂ ಅರ್ಧ. ಹತ್ತು ಸಾವಿರದ ಮೇಲೆ ನೀವು ಸೇರಿಸೋ ಪ್ರತಿಯೊಬ್ಬನೂ ಧೂಳಿನಲ್ಲಿ ಒಂದು ಚುಕ್ಕೆ ಅಷ್ಟೇ. ಸ್ಕೇಲ್ ಅನ್ನಿಸೋದು ಮುಂದಿನ ಐವತ್ತು ಅಡಿಯಲ್ಲಿ ಏನಿದೆ ಅನ್ನೋದರ ಮೇಲೆ.

ಇನ್ನೂರು ಜನ ಕಡಿಮೆ ಏನಲ್ಲ. ಅವರನ್ನ ಬಳಸೋ ಕ್ರಮ ಹೀಗೆ: ಕ್ಯಾಮೆರಾ ಅಲ್ಲಾಡದ ಹಾಗೆ ಲಾಕ್ ಮಾಡಿ, ಅಥವಾ ಮೋಷನ್ ಕಂಟ್ರೋಲ್ (ಪ್ರತಿ ಸಲ ಕ್ಯಾಮೆರಾಗೆ ಅದೇ ಚಲನೆ ಕೊಡೋ ಯಂತ್ರ) ಹಾಕಿ. ಇನ್ನೂರು ಜನರನ್ನ ಫ್ರೇಮಿನ ಒಂದು ಭಾಗದಲ್ಲಿ ನಿಲ್ಲಿಸಿ ತೆಗೆಯಿರಿ, ಪಕ್ಕಕ್ಕೆ ಸರಿಸಿ, ಮತ್ತೆ ತೆಗೆಯಿರಿ. ಪ್ರತಿ ಸಲ ಗುರಾಣಿ, ರುಮಾಲು, ಭರ್ಜಿ ಅದಲು ಬದಲು. ಹೀಗೆ ತೆಗೆದ ಒಂದೊಂದು ತುಣುಕೂ ಒಂದು ಪ್ಲೇಟ್, ಒಂದೇ ಫ್ರೇಮಿನಲ್ಲಿ ಕೂಡಿಸಿದರೆ ಐದು ಪ್ಲೇಟ್‌ಗೆ ಸಾವಿರ ಜನ. ಎಡವಟ್ಟಾಗೋದು ಬಿಸಿಲಲ್ಲಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಒಂದು ಪ್ಲೇಟಿನಿಂದ ಇನ್ನೊಂದಕ್ಕೆ 20 ನಿಮಿಷ ತಗೊಂಡರೆ ಐದನೇ ಪ್ಲೇಟಿನ ಹೊತ್ತಿಗೆ 20 ಡಿಗ್ರಿ ವ್ಯತ್ಯಾಸ, ನೆರಳುಗಳು ಒಂದಕ್ಕೊಂದು ಕೂಡಲ್ಲ. ಪ್ರೇಕ್ಷಕರಿಗೆ ಕಾರಣ ಗೊತ್ತಾಗದಿದ್ದರೂ "ಏನೋ ಅಂಟಿಸಿದ ಹಾಗಿದೆ" ಅನ್ನಿಸೋದು ಇದಕ್ಕೇ.

ಹಿಂದಿನ ಸಾಲುಗಳಿಗೆ ಏಜೆಂಟ್ ಸಿಮ್ಯುಲೇಶನ್, ಅಂದರೆ ತಾವಾಗಿ ನಡೆದಾಡೋ ಕಂಪ್ಯೂಟರ್ ಸೈನಿಕರು. ಅಲ್ಲಿ ನಡೆಯೋ ತಪ್ಪು ಮೋಷನ್ ಕ್ಯಾಪ್ಚರ್‌ನಲ್ಲಿ ಜಿಪುಣತನ. ಇಪ್ಪತ್ತು ಚಲನೆ ರೆಕಾರ್ಡ್ ಮಾಡಿ ಹತ್ತು ಸಾವಿರ ಜನಕ್ಕೆ ಹಂಚಿದರೆ ಒಂದೇ ತರ ಎಡವಿ ಬೀಳೋ ಐನೂರು ಜನ ಸಿಗ್ತಾರೆ. ಎರಡನೇದು ಕಾಲು ಜಾರೋದು. ಸಮತಟ್ಟು ಸ್ಟುಡಿಯೋದಲ್ಲಿ ಹಿಡಿದ ನಡಿಗೆಯನ್ನ ಉಬ್ಬು ತಗ್ಗಿನ ನೆಲದ ಮೇಲೆ ಇಟ್ಟಾಗ ಪಾದ ನೆಲಕ್ಕೆ ಅಂಟಲ್ಲ, ತೇಲುತ್ತೆ. ಅದನ್ನ ಮುಚ್ಚೋಕೆ ಧೂಳು ಜಾಸ್ತಿ ಮಾಡ್ತಾರೆ.

ದೋಆಬದ_ಮಂದಿ:
ಧೂಳಿನ ಮಾತು ಬಂತು ಅಂತ ಹೇಳ್ತೀನ್ರಿ. ಮೇ 19 ಅಂದ್ರ ರಾಯಚೂರಾಗ ಬೆಂಕಿ ಬಿಸಿಲು. ಕೃಷ್ಣಾ ಹೊಳಿ ಇಳದಿರ್ತದ, ಎರಿ ಹೊಲ ಬಿರುಕು ಬಿಟ್ಟಿರ್ತಾವ, ಕುದರಿ ಕಾಲು ಸಿಕ್ಕೊಂಡ್ರ ಮುರದು ಬೀಳೋವಷ್ಟು. ಆದ್ರ ಸಿನಿಮಾದಾಗ ಯುದ್ಧ ಅಂದಕೂಡ್ಲೆ ನೀಲಿ ಬಣ್ಣ, ಮಂಜು, ಮ್ಯಾಲೆ ಕರಿ ಮಾಡ ಕವದಿರ್ತದ. ಅಲ್ರೀ, ಮೇ ತಿಂಗಳದಾಗ ರಾಯಚೂರಿಗೆ ಮಂಜು ಎಲ್ಲಿಂದ ಬರಬೇಕು? ಡಿಐ (ಸಿನಿಮಾಕ್ಕ ಬಣ್ಣ ತಿದ್ದೋ ಕೆಲಸ) ಮಾಡೋರು ಒಂದು ಸಲ ಬಂದು ಮಧ್ಯಾಹ್ನ ಹನ್ನೆರಡಕ್ಕ ಕೋಟಿ ಮ್ಯಾಲೆ ನಿಂತು ನೋಡ್ರಿ. ಬೆಳಕು ಬಿಳಿ, ನೆರಳು ಕಪ್ಪು, ನಡುವ ಏನೂ ಇರಂಗಿಲ್ಲ.

ಇನ್ನೊಂದು. ರಾಯಚೂರು ಕೋಟಿ ಗ್ವಾಡ್ಯಾಗ ನಲವತ್ತು ಫೂಟಿಗಿಂತ ಉದ್ದನ ಒಂದು ಕಲ್ಲದ, 1294ರ ಶಾಸನ ಕೆತ್ಯಾರ ಅದರಾಗ. ಅಂಥಾ ಕಲ್ಲನ್ನ ಬಂಡಿ ಮ್ಯಾಲೆ ಹೇರಿ ಹೆಂಗ ತಂದ್ರು ಅನ್ನೋ ಚಿತ್ರಾನೂ ಗೀಚ್ಯಾರ. ಆರ್ಟ್ ಡೈರೆಕ್ಟರಿಗೆ ಇದಕ್ಕಿಂತ ಒಳ್ಳೆ ರೆಫರೆನ್ಸ್ ಎಲ್ಲಿ ಸಿಗತದ?

ಕೀಫ್ರೇಮ್:
ಆ ಮಂಜಿಗೆ ಕಾರಣ ಸೌಂದರ್ಯ ಅಲ್ಲ ಸರ್, ಉಳಿತಾಯ. ಮೋಡ ಮುಚ್ಚಿದ ಬೆಳಕಿನಲ್ಲಿ ನೆರಳು ಹೊಂದಿಸೋ ತಲೆನೋವಿಲ್ಲ, ಹೊಗೆ ಇದ್ದರೆ ಹಿಂದಿನ ಸಿಜಿ (ಕಂಪ್ಯೂಟರ್‌ನಲ್ಲಿ ಮಾಡಿದ) ಕೋಟೆಯ ಅಂಚು ಯಾರಿಗೂ ಕಾಣಲ್ಲ. ಸುಡು ಬಿಸಿಲಲ್ಲಿ ಸಿಜಿ ಕೂರಿಸೋದು ಎರಡು ಪಟ್ಟು ಕಷ್ಟ. ನೀವು ಕೇಳ್ತಿರೋದು ನ್ಯಾಯವಾದದ್ದೇ, ಆದರೆ ಬಜೆಟ್ಟಿನ ಸಾಲಿನಲ್ಲಿ ಅದನ್ನ ಮೊದಲೇ ಬರೆದಿರಬೇಕು.

ಜರಿಯಂಚು:
ಬಟ್ಟೆ ಬಗ್ಗೆ ಯಾರೂ ಮಾತಾಡ್ತಿಲ್ಲ. ನನಗೆ ಸಿಟ್ಟು ಬರೋದೇ ಅಲ್ಲಿ.

ನಮ್ಮ ಸಿನಿಮಾ ಮತ್ತು ಸೀರಿಯಲ್‌ಗಳ ವಿಜಯನಗರ ರಾಜ ಅಂದರೆ ಬರಿ ಮೈ, ತೋಳಿಗೆ ಬಾಜುಬಂದಿ, ತಲೆಗೆ ಗೋಪುರದಂಥ ಚಿನ್ನದ ಕಿರೀಟ. ಕೃಷ್ಣದೇವರಾಯರನ್ನ ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದದ್ದೇ ಬೇರೆ: ಚಿನ್ನದ ಗುಲಾಬಿ ಕಸೂತಿಯ ಬಿಳಿ ಬಟ್ಟೆ, ತಲೆಗೆ ಶಿರಸ್ತ್ರಾಣದ ಆಕಾರದ ಜರಿ ಟೋಪಿ, ಅದರ ಮೇಲೆ ತೆಳು ರೇಷ್ಮೆ ವಸ್ತ್ರ, ಬರಿಗಾಲು. ತಿರುಮಲದಲ್ಲಿ ಇಬ್ಬರು ರಾಣಿಯರ ಜೊತೆ ಕೈಮುಗಿದು ನಿಂತ ರಾಯರ ಪ್ರತಿಮೆ ಇದೆಯಲ್ಲ, ಅದರ ತಲೆ ಮೇಲೂ ಇರೋದು ಇಂಥ ಎತ್ತರದ ಟೋಪಿಯೇ, ಕುಲ್ಲಾಯಿ. ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲಿ ಗಂಡಸರು ಸಾಲಾಗಿ ಈ ಟೋಪಿ ತೊಟ್ಟು ನಿಂತಿದ್ದಾರೆ. ಆ ಚಿತ್ರಗಳು ರಾಯರ ನಂತರ ಆಳಿದ ಅಚ್ಯುತರಾಯನ ಕಾಲದವು, ಯುದ್ಧಕ್ಕೆ ಹತ್ತಿಪ್ಪತ್ತು ವರ್ಷದ ಅಂತರ ಅಷ್ಟೇ. ದರಬಾರಿನಲ್ಲಿ ಮೈ ಮುಚ್ಚುವ ಉದ್ದನೆಯ ಕಬಾಯಿ. ಇದು ಅರಬ್, ಪರ್ಷಿಯನ್ ಜಗತ್ತಿನ ದರಬಾರಿ ಉಡುಪು, ವಿಜಯನಗರದವರು ಹೆಮ್ಮೆಯಿಂದಲೇ ತೊಟ್ಟಿದ್ದರು. ಎರಡೂ ಕಡೆಯವರು ಸುಮಾರು ಒಂದೇ ತರ ಕಾಣ್ತಾರೆ ಅನ್ನೋದೇ ಈ ಯುದ್ಧದ ಕುತೂಹಲ. ಒಂದು ಪಡೆಗೆ ಕೇಸರಿ, ಇನ್ನೊಂದಕ್ಕೆ ಕಪ್ಪು ಬಟ್ಟೆ ತೊಡಿಸಿದ ಕೂಡಲೇ ಅದು ಸತ್ತು ಹೋಗುತ್ತೆ.

ಕವಚದ ವಿಷಯ. ವಿದೇಶಿ ಪ್ರವಾಸಿಗಳು ಹೇಳೋದು ಹೆಚ್ಚಾಗಿ ಹತ್ತಿ ತುಂಬಿ ಹೊಲಿದ ಅಂಗಿ, ಕೆಲವಕ್ಕೆ ತೊಗಲು, ಕಬ್ಬಿಣದ ಪಟ್ಟಿ. ಸಿನಿಮಾದಲ್ಲಿ ಬರೋದು ಫೈಬರ್ ಎದೆಗವಚ, ಅದಕ್ಕೆ ಚಿನ್ನದ ಸ್ಪ್ರೇ ಪೇಂಟ್. ಫೈಬರ್ ಮಾಡೋ ಅನಾಹುತ ಏನು ಗೊತ್ತಾ? ಅದು ಮೈ ಜೊತೆ ಬಾಗಲ್ಲ. ನಟ ಕೈ ಎತ್ತಿದರೆ ಇಡೀ ಕವಚ ಗಲ್ಲದವರೆಗೆ ಏರುತ್ತೆ, ಓಡುವಾಗ ಡಬ್ಬಿಯ ಹಾಗೆ ಅಲ್ಲಾಡುತ್ತೆ. ಹೊಳಪು ಬೇರೆ, ಗ್ರೀನ್ ಮ್ಯಾಟ್ (ಹಿನ್ನೆಲೆ ಬದಲಿಸೋಕೆ ಕಟ್ಟೋ ಹಸಿರು ಪರದೆ) ಮುಂದೆ ನಿಂತರೆ ಎದೆ ತುಂಬ ಹಸಿರು ಪ್ರತಿಫಲನ, ಅದನ್ನ ಫ್ರೇಮ್ ಫ್ರೇಮ್ ತಿದ್ದಬೇಕು. ಹತ್ತಿ ಕವಚಕ್ಕೆ ಈ ರೋಗ ಒಂದೂ ಇಲ್ಲ, ಖರ್ಚೂ ಕಮ್ಮಿ.

ಅಕಿರ ಕುರೊಸಾವಾ 1985ರ 'ರಾನ್' ಚಿತ್ರಕ್ಕೆ ಬಟ್ಟೆಗಳನ್ನೆಲ್ಲ ಕೈಯಲ್ಲೇ ಮಾಡಿಸಿದ್ದ, ಅದಕ್ಕೇ ವರ್ಷಗಟ್ಟಲೆ ಹಿಡೀತು, ವಸ್ತ್ರ ವಿನ್ಯಾಸಕಿ ಎಮಿ ವಾಡಾಗೆ ಆಸ್ಕರ್ ಬಂತು. ಅಷ್ಟು ಬೇಡ. ಹೊಸ ಬಟ್ಟೆಯನ್ನ ಹೊಸದಾಗಿ ಕಾಣದ ಹಾಗೆ ಮಾಡಿದರೆ ಸಾಕು: ಎರಡು ಮೂರು ಸಲ ಒಗೆತ, ಮೊಣಕೈ, ಕಾಲರು, ಮಂಡಿ ಹತ್ತಿರ ಮರಳು ಕಾಗದದಲ್ಲಿ ಉಜ್ಜು, ಚಹಾ ಡಿಕಾಕ್ಷನ್‌ನಲ್ಲಿ ಅದ್ದು, ಒಣಗಿದ ಮೇಲೆ ಕಂಕುಳು ಮತ್ತು ಬೆನ್ನಿನ ಮೇಲೆ ಬೆವರಿನ ಉಪ್ಪಿನ ಗೆರೆ ಹಾಕು, ಕಡೆಗೆ ಆ ಊರಿನ ಮಣ್ಣಿನ ಪುಡಿ. ಎರೆ ಮಣ್ಣಿನ ಊರಲ್ಲಿ ಯುದ್ಧ ಮಾಡಿ ಕಾಲಿಗೆ ಕೆಂಪು ಧೂಳು ಅಂಟಿದ್ದರೆ ಅದೂ ತಪ್ಪೇ.

ಫಸ್ಟ್_ಶೋ_ಸೀಟಿ:
ಮೇಡಂ, ಬರಿಗಾಲು, ಉದ್ದ ಟೋಪಿ, ಮೈ ತುಂಬ ನಿಲುವಂಗಿ... ಯಾವ ಸ್ಟಾರ್ ಒಪ್ತಾನೆ? ಒಂದು ವರ್ಷ ಜಿಮ್‌ನಲ್ಲಿ ಕಟ್ಟಿದ ದೇಹ ತೋರಿಸೋದು ಎಲ್ಲಿ?

ಕೋಟೆಗಲ್ಲು:
ಪಾಯಸ್ ಅದಕ್ಕೂ ಸೀನ್ ಕೊಟ್ಟಿದ್ದಾನೆ, ಕೇಳಿ. ರಾಯರು ಬೆಳಗಾಗೋ ಮುಂಚೆ ಎದ್ದು ಮುಕ್ಕಾಲು ಪಿಂಟ್‌ನಷ್ಟು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದೇ ಎಣ್ಣೆ ಹಚ್ಚಿಕೊಂಡು, ಸೊಂಟಕ್ಕೆ ಸಣ್ಣ ಬಟ್ಟೆ ಸುತ್ತಿ, ಭಾರ ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಹೋಗೋವರೆಗೆ ಕತ್ತಿವರಸೆ, ಆಮೇಲೆ ಒಬ್ಬ ಜಟ್ಟಿ ಜೊತೆ ಕುಸ್ತಿ, ಆಮೇಲೆ ಬೆಳಕು ಹರಿಯೋವರೆಗೆ ಕುದುರೆ ಸವಾರಿ. ಎಂಟ್ರಿ ಸೀನ್ ಇದಕ್ಕಿಂತ ಇನ್ನೇನು ಬೇಕು? ಸ್ಟಾರ್ ಮೈ ತೋರಿಸೋಕೂ ಜಾಗ ಸಿಕ್ತು, ಸುಳ್ಳೂ ಹೇಳಿದ ಹಾಗಾಗಲಿಲ್ಲ.

ಆದರೆ ಅದೇ ಪಾಯಸ್ "ಮಧ್ಯಮ ಎತ್ತರ, ತೆಳ್ಳಗಿಲ್ಲ, ಸ್ವಲ್ಪ ದಪ್ಪವೇ, ಮುಖದ ಮೇಲೆ ಸಿಡುಬಿನ ಕಲೆ" ಅಂತಲೂ ಹೇಳ್ತಾನೆ. ಸಿಡುಬಿನ ಕಲೆಗೆ ಪ್ರಾಸ್ಥೆಟಿಕ್ (ಮುಖಕ್ಕೆ ಅಂಟಿಸೋ ನಕಲಿ ಚರ್ಮ) ಬೇಕು, ದಿನಾ ಒಂದೆರಡು ಗಂಟೆ ಮೇಕಪ್ ಕುರ್ಚಿ. ಅದಕ್ಕೆ ಒಪ್ಪೋ ನಟನನ್ನ ಹುಡುಕಿ ಅನ್ನೋದು ನನ್ನ ಮೊದಲ ಬೇಡಿಕೆ.

ತೆರೆಮರೆ:
ಸೆಟ್ ಬಗ್ಗೆ ಒಂದಿಷ್ಟು.

ವಿಜಯನಗರದ ಸಿನಿಮಾ ಅಂದರೆ ಈಗಿನ ಹಂಪಿಯನ್ನೇ ನಕಲು ಮಾಡಿಬಿಡ್ತಾರೆ. ಈಗಿನ ಹಂಪಿ ಹಾಳು ಬಿದ್ದ ಹಂಪಿ. ಐವತ್ತು ರೂಪಾಯಿ ನೋಟಿನ ಮೇಲಿರೋ ಕಲ್ಲಿನ ರಥಕ್ಕೆ ಮೊದಲು ಇಟ್ಟಿಗೆಯ ಶಿಖರ ಇತ್ತು, 1856ರಲ್ಲಿ ಗ್ರೀನ್‌ಲಾ ಅನ್ನೋ ಬ್ರಿಟಿಷ್ ಅಧಿಕಾರಿ ತೆಗೆದ ಫೋಟೋದಲ್ಲಿ ಅದು ಇನ್ನೂ ನಿಂತಿದೆ. ಶಿಖರವಿಲ್ಲದ ರಥವನ್ನ 1520ರ ಕಥೆಯಲ್ಲಿ ತೋರಿಸೋದು ತಪ್ಪು. ಅರಮನೆಗಳದ್ದೂ ಇದೇ ಕಥೆ. ಈಗ ಉಳಿದಿರೋದು ಕಲ್ಲಿನ ಜಗತಿ ಮಾತ್ರ, ಮೇಲಿನದೆಲ್ಲ ಮರದ ಕೆಲಸ, ಸುಟ್ಟು ಹೋಯ್ತು. ಗೋಡೆ ಕಂಬಗಳಿಗೆ ಗಾರೆ, ಬಣ್ಣ ಇತ್ತು. ಪಾಯಸ್ ಗೋಡೆಯಿಂದ ಚಾವಣಿವರೆಗೆ ದಂತದ ಕೆಲಸ ಮಾಡಿದ ಒಂದು ಕೋಣೆಯನ್ನೇ ವರ್ಣಿಸ್ತಾನೆ. ಅಂದರೆ ಸೆಟ್ ಮರದ್ದು, ಬಣ್ಣದ್ದು, ಹೊಸದು ಆಗಿರಬೇಕು. ನಮ್ಮಲ್ಲಿ ಪಿಒಪಿಗೆ ಬೂದು ಬಳಿದು, ಪಾಚಿ ಹಚ್ಚಿ, ಐನೂರು ವರ್ಷ ಹಳೆಯದು ಮಾಡ್ತಾರೆ. ರಾಯರು ಬದುಕಿದ್ದಾಗಲೇ ಅವರ ಊರು ಪುರಾತತ್ವ ಇಲಾಖೆಯ ಕೈಗೆ ಹೋದ ಹಾಗೆ!

ಹಂಪಿಯಲ್ಲೇ ಚಿತ್ರೀಕರಣ ಮಾಡಿ ಅನ್ನೋರಿಗೆ: ಅದು 1986ರಿಂದ ವಿಶ್ವ ಪರಂಪರೆ ತಾಣ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ. ಅಲ್ಲಿ ಬೆಂಕಿ, ಮದ್ದು, ಕುದುರೆ ದಂಡು ಎಲ್ಲ ಮರೆತುಬಿಡಿ. ಬಂಡೆಗಳ ಹಿನ್ನೆಲೆಗೆ ದೂರದ ಪ್ಲೇಟ್ ತಗೊಂಡು ಬಂದು ಸೆಟ್ ಜೊತೆ ಕೂಡಿಸೋದೇ ದಾರಿ.

ಎಷ್ಟು ಕಟ್ಟಬೇಕು ಅನ್ನೋದಕ್ಕೆ ಒಳ್ಳೆ ಅಳತೆ 2000ದ 'ಗ್ಲಾಡಿಯೇಟರ್'. ಮಾಲ್ಟಾದಲ್ಲಿ ಕೊಲೊಸಿಯಂನ ಒಂದು ಭಾಗವನ್ನ ಸುಮಾರು 52 ಅಡಿ ಎತ್ತರಕ್ಕೆ ಮಾತ್ರ ನಿಜವಾಗಿ ಕಟ್ಟಿದರು, ಉಳಿದದ್ದು ಕಂಪ್ಯೂಟರ್. ನಟರು ಮುಟ್ಟೋದು, ಒರಗೋದು, ನೆರಳು ಬೀಳೋದು ನಿಜವಾದ ಗೋಡೆ ಮೇಲೆ. ಕಣ್ಣು ಮೋಸ ಹೋಗೋದು ಅದರಿಂದ. ರಾಯಚೂರಿಗೆ ಇಪ್ಪತ್ತು ಅಡಿ ಎತ್ತರ, ನೂರೈವತ್ತು ಅಡಿ ಉದ್ದದ ಗೋಡೆ ಸಾಕು. ಆದರೆ ಕಲ್ಲು ಒಂದೊಂದಾಗಿ ಕಳಚಿ ಬರೋ ಹಾಗೆ ಕಟ್ಟಬೇಕು. ಪ್ರತಿ ಟೇಕ್‌ಗೂ ಮತ್ತೆ ಜೋಡಿಸಬೇಕು, ಆದ್ದರಿಂದ ಪ್ರತಿ ಕಲ್ಲಿನ ಹಿಂದೆ ನಂಬರ್. ಒಂದೇ ಅಚ್ಚಿನಲ್ಲಿ ನೂರು ಕಲ್ಲು ಎರಕ ಹೊಯ್ದರೆ ಒಂದೇ ಬಿರುಕು ನೂರು ಕಡೆ ಕಾಣುತ್ತೆ, ಕನಿಷ್ಠ ಹದಿನೈದಿಪ್ಪತ್ತು ಅಚ್ಚು ಬೇಕು. ಫೋಮ್ ಕಲ್ಲಿನೊಳಗೆ ಮರಳಿನ ಚೀಲ ಹುದುಗಿಸಿ, ಇಲ್ಲದಿದ್ದರೆ ಹೊತ್ತವನ ಬೆನ್ನು ಬಾಗಲ್ಲ. ಭಾರ ಇಲ್ಲದ್ದನ್ನ ಭಾರವಾಗಿ ಹೊರೋ ನಟನೆ ನೂರು ಜನ ಜೂನಿಯರ್‌ಗಳಿಗೆ ಬರಲ್ಲ.

ಬಾಲದ_ಲೆಕ್ಕ:
ಪ್ರಾಣಿಗಳ ವಿಷಯ ಯಾರೂ ಎತ್ತಿಲ್ಲ. ಇದು ನಮ್ಮಲ್ಲಿ ಬರೀ ಕಲೆಯ ಪ್ರಶ್ನೆ ಅಲ್ಲ, ಕಾಗದಪತ್ರದ ಪ್ರಶ್ನೆ. ಕುದುರೆ, ಆನೆ ಬಳಸೋಕೆ ಪ್ರಾಣಿ ಕಲ್ಯಾಣ ಮಂಡಳಿಯ ಮುಂಚಿತ ಅನುಮತಿ ಬೇಕು. ಮುಗಿದ ಮೇಲೆ ಅವರ ಎನ್‌ಒಸಿ ಇಲ್ಲದೆ ಸೆನ್ಸಾರ್ ಆಗಲ್ಲ. 2001ರ ನಿಯಮಗಳ ಪ್ರಕಾರ ಕುದುರೆಗೆ ತಂತಿ ಕಟ್ಟಿ ಬೀಳಿಸೋದು, ಬೆಂಕಿ ಹತ್ತಿರ ತರೋದು ಯಾವುದೂ ಇಲ್ಲ. ಹಳೆ ಸಿನಿಮಾಗಳಲ್ಲಿ ಕುದುರೆ ಪಲ್ಟಿ ಹೊಡೆಯೋ ಶಾಟ್ ನೋಡಿ "ಈಗ್ಯಾಕೆ ಹಂಗೆ ತೆಗೆಯಲ್ಲ" ಅನ್ನೋರಿಗೆ ಉತ್ತರ ಇದೇ, ತೆಗೆಯಬಾರದು ಕೂಡ.

ಹಾಗಾಗಿ ಆನೆ ಹೆಚ್ಚುಕಮ್ಮಿ ಸಿಜಿ. ಅಲ್ಲಿ ಪ್ರತಿ ಸಿನಿಮಾದಲ್ಲೂ ಒಂದೇ ತಪ್ಪು: ಆನೆ ಕುದುರೆ ತರ ನೆಗೆದು ಓಡುತ್ತೆ. ನಿಜವಾದ ಆನೆ ಎಷ್ಟೇ ಜೋರಾಗಿ ಓಡಿದರೂ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡಲ್ಲ. ಗರಿಷ್ಠ ವೇಗ ಗಂಟೆಗೆ ಸುಮಾರು 25 ಕಿ.ಮೀ. ಭಯ ಹುಟ್ಟಿಸೋದು ಆ ನಿಧಾನವೇ. ಅದನ್ನ ವೇಗ ಮಾಡಿದ ತಕ್ಷಣ ತೂಕ ಹೋಗಿ ಬೊಂಬೆಯಾಗುತ್ತೆ.

ಕುದುರೆಗಳ ಮೇಲೂ ಒಂದು ಸಣ್ಣ ಸೀನ್ ಇದೆ. ನೂನಿಜ್ ಹೇಳೋ ಪ್ರಕಾರ ಹಿಂದೆ ಆಳಿದ ರಾಜರಲ್ಲೊಬ್ಬ ಸಾಳುವ ನರಸಿಂಹ, ಹಡಗಿನಲ್ಲಿ ಬರೋವಾಗ ಸತ್ತ ಕುದುರೆಗೂ ದುಡ್ಡು ಕೊಡ್ತಿದ್ದ, ವ್ಯಾಪಾರಿ ಅದರ ಬಾಲ ತಂದು ತೋರಿಸಿದರೆ ಸಾಕು. ಕುದುರೆ ಈ ರಾಜ್ಯಕ್ಕೆ ಎಷ್ಟು ಮುಖ್ಯ ಅಂತ ಹತ್ತು ನಿಮಿಷ ವಾಯ್ಸ್ ಓವರ್ ಕೊಡೋ ಬದಲು ಮೇಜಿನ ಮೇಲೆ ಎರಡು ಬಾಲ ಇಟ್ಟು ಹಣ ಎಣಿಸೋದನ್ನ ತೋರಿಸಿ. ಮುಗೀತು.

ಫಸ್ಟ್_ಶೋ_ಸೀಟಿ:
ಇದು ಸೂಪರ್. ಬಾಲದ ಸೀನಿಗೆ ನಾನೇ ಸೀಟಿ ಹೊಡೀತೀನಿ 😄 ಆದರೆ ಡೈಲಾಗ್? ಐತಿಹಾಸಿಕ ಸಿನಿಮಾದಲ್ಲಿ ಡೈಲಾಗ್ ಅಂದರೆ ಅಣ್ಣಾವ್ರ ತರ ಗುಡುಗಬೇಕು. ಪಿಸುಮಾತಲ್ಲಿ ಮಾತಾಡಿದರೆ ರಾಜ ಅನ್ನಿಸಲ್ಲ.

ತೆರೆಮರೆ:
1970ರಲ್ಲಿ ಪಂತುಲು ತೆಗೆದ 'ಶ್ರೀ ಕೃಷ್ಣದೇವರಾಯ'ದಲ್ಲಿ ರಾಜ್‌ಕುಮಾರ್ ಮಾತು ನಿಲ್ಲೋದಕ್ಕೆ ಹಿನ್ನೆಲೆ ಇದೆ. ಅವರು ಗುಬ್ಬಿ ಕಂಪನಿಯ ರಂಗದಿಂದ ಬಂದವರು, ಉಸಿರು ಎಲ್ಲಿ ತಗೋಬೇಕು ಅನ್ನೋದು ಮೈಯಲ್ಲೇ ಇತ್ತು. ಬರವಣಿಗೆಯೂ ಅದಕ್ಕೆ ತಕ್ಕ ಹಾಗೆ, ದೀರ್ಘ ವಾಕ್ಯ, ಕೊನೆಯಲ್ಲಿ ಕ್ರಿಯಾಪದದ ಮೇಲೆ ಏಟು. ಕ್ಯಾಮೆರಾ ಕೂಡ ಮಧ್ಯಮ ದೂರದಲ್ಲಿ ನಿಂತು ಮೈಯೆಲ್ಲ ತೋರಿಸೋದು. ಈಗ 85 ಎಂ.ಎಂ. ಲೆನ್ಸಿನಲ್ಲಿ ಮುಖ ಪರದೆ ತುಂಬಿರುವಾಗ ಅದೇ ಗುಡುಗು ಹಾಕಿದರೆ ಚೀರಾಟ ಆಗುತ್ತೆ. ನೂರು ಜನರ ದರಬಾರಿನಲ್ಲಿ ಏರುದನಿ ಸರಿ, ಮಂತ್ರಿ ತಿಮ್ಮರಸು ಜೊತೆ ಒಳಕೋಣೆಯಲ್ಲಿ ಕೂತಾಗ ಮಾತು ಮಾತಿನ ಹಾಗಿರಲಿ.

ಮತ್ತೆ ಈಗ ಐದು ಭಾಷೆಯಲ್ಲಿ ಬಿಡೋ ಸಿನಿಮಾ. ಎಲ್ಲ ಭಾಷೆಗೂ ಹೊಂದೋ ಹಾಗೆ ಡೈಲಾಗ್ ಕತ್ತರಿಸಿ ಕತ್ತರಿಸಿ ಕೊನೆಗೆ ಉಳಿಯೋದು "ಧರ್ಮ", "ರಕ್ತ", "ಸಿಂಹಾಸನ" ಮೂರೇ. ಡಬ್ಬಿಂಗ್ ಬರೆಯೋರಿಗೆ ತುಟಿ ಮುಚ್ಚೋ ಅಕ್ಷರಗಳೇ ಆಧಾರ: ಪ, ಬ, ಮ ಬಂದ ಜಾಗದಲ್ಲಿ ಇನ್ನೊಂದು ಭಾಷೆಯಲ್ಲೂ ಅದೇ ವರ್ಗದ ಅಕ್ಷರ ಬೀಳಬೇಕು, ವಾಕ್ಯದ ಮಾತ್ರೆ ಸುಮಾರು ಒಂದೇ ಇರಬೇಕು. ಕ್ಲೋಸಪ್‌ನಲ್ಲಿ ಇದು ತಪ್ಪಿದರೆ ಕನ್ನಡದ ಸಿನಿಮಾನೇ ಕನ್ನಡ ಪ್ರೇಕ್ಷಕನಿಗೆ ಡಬ್ ಆದ ಹಾಗೆ ಕೇಳುತ್ತೆ. ಮುಖ್ಯ ದೃಶ್ಯಗಳನ್ನ ಎರಡು ಭಾಷೆಯಲ್ಲಿ ಬೇರೆ ಬೇರೆ ತೆಗೆಯೋದೊಂದೇ ಪರಿಹಾರ. ಅದಕ್ಕೆ ಶೂಟಿಂಗ್ ದಿನ ಏರುತ್ತೆ. ವಿಜಯನಗರದ ಆಸ್ಥಾನದಲ್ಲಿ ಕನ್ನಡ, ತೆಲುಗು ಎರಡೂ ನಡೀತಿದ್ದವು, ಕಥೆಯಲ್ಲೇ ಎರಡನ್ನೂ ಬಳಸಿ ಸಬ್‌ಟೈಟಲ್ ಹಾಕಿದರೆ ಯಾರಿಗೆ ನಷ್ಟ? (ರಾಯರು ಯಾರವರು ಅನ್ನೋ ಜಗಳ ಇಲ್ಲಿ ಶುರು ಮಾಡಬೇಡಿ, ದಯವಿಟ್ಟು.)

ಫೇಡರ್_ಏಳು:
ಗುಡುಗೋ ಡೈಲಾಗ್ ಬರೆದರೂ ಥಿಯೇಟರ್‌ನಲ್ಲಿ ಕೇಳಿಸಬೇಕಲ್ಲ. ಮಿಕ್ಸಿಂಗ್ ಸ್ಟುಡಿಯೋದಲ್ಲಿ ಫೇಡರ್ (ಶಬ್ದ ಏರಿಸಿ ಇಳಿಸೋ ಗುಂಡಿ) 7ಕ್ಕೆ ಇಟ್ಟು, 85 ಡೆಸಿಬಲ್ ಲೆಕ್ಕಕ್ಕೆ ಮಿಕ್ಸ್ ಮಾಡಿರ್ತಾರೆ. ಹಾಲ್‌ನಲ್ಲಿ "ಸೌಂಡ್ ಜಾಸ್ತಿ" ಅಂತ ಯಾರೋ ದೂರಿದರೆ ಆಪರೇಟರ್ 5ಕ್ಕೆ, 4.5ಕ್ಕೆ ಇಳಿಸ್ತಾನೆ. ಫಿರಂಗಿ ಆಗಲೂ ಕೇಳುತ್ತೆ, ಮಾತು ಮುಳುಗುತ್ತೆ. ಇದು ಗೊತ್ತಾಗಿ ಸಂಗೀತ ಇನ್ನೂ ಏರಿಸಿ ಮಿಕ್ಸ್ ಮಾಡಿದರೆ ಹಾಲ್‌ನವರು ಇನ್ನೂ ಇಳಿಸ್ತಾರೆ. ಯುದ್ಧದಲ್ಲಿ ಹಿನ್ನೆಲೆ ಸಂಗೀತ ನಿಲ್ಲಿಸೋ ಧೈರ್ಯ ಇರೋ ನಿರ್ದೇಶಕ ಬೇಕು. ಕಲ್ಲಿಗೆ ಹಾರೆ ತಾಗೋ ಶಬ್ದವೇ ಸಾಕು ಆ ಸೀನಿಗೆ.

3ಡಿ ಬೇಡ. 2ಡಿ ಪರದೆಗೆ 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ) ಬೆಳಕು ಮಾನದಂಡ, 3ಡಿ ಕನ್ನಡಕದ ಹಿಂದೆ ಸಿಗೋದು 4.5ರ ಆಸುಪಾಸು. ದೀಪದ ಬೆಳಕಿನ ದರಬಾರು ಕತ್ತಲಾಗುತ್ತೆ.

ಗಾಂಧಿನಗರ_ಲೆಕ್ಕ:
ಎಲ್ಲರ ಆಸೆ ಪಟ್ಟಿ ಓದಿದೆ. ಈಗ ದುಡ್ಡಿನ ಮಾತು. "500 ಕೋಟಿ ಕಲೆಕ್ಷನ್" ಅಂತ ಪೋಸ್ಟರ್ ಬಂದರೆ ಅದು ಗ್ರಾಸ್, ಟಿಕೆಟ್ ಮಾರಿ ಬಂದ ಒಟ್ಟು ಹಣ. ನೂರು ರೂಪಾಯಿ ಮೇಲಿನ ಟಿಕೆಟ್‌ಗೆ ಜಿಎಸ್‌ಟಿ 18 ಪರ್ಸೆಂಟ್, ಎಲ್ಲ ಟಿಕೆಟ್ಟೂ ಅದೇ ವರ್ಗ ಅಂತ ಹಿಡಿದರೆ 500 ಭಾಗ 1.18, ಅಂದರೆ ನೆಟ್ 424 ಕೋಟಿ. ಅದರಲ್ಲಿ ಥಿಯೇಟರ್‌ನವರ ಪಾಲು ಅರ್ಧ ಅಂದುಕೊಂಡರೆ ಉಳಿಯೋ ಶೇರ್ 212. ವಿತರಕರ ಕಮಿಷನ್, ಪ್ರಚಾರ ಇದರಿಂದಲೇ. ಹೀಗಾಗಿ ಬಜೆಟ್ 300 ಕೋಟಿ ಆದರೆ 500 ಕೋಟಿ ಗಳಿಸಿದ ಸಿನಿಮಾ ಥಿಯೇಟರ್ ಲೆಕ್ಕದಲ್ಲಿ ನಷ್ಟ, ಒಟಿಟಿ, ಸ್ಯಾಟಲೈಟ್ ಬಂದು ಕೈ ಹಿಡಿಯಬೇಕು.

ಇನ್ನು 300ರಲ್ಲಿ ಸ್ಟಾರ್, ನಿರ್ದೇಶಕರ ಸಂಭಾವನೆ ನೂರು ದಾಟಿದರೆ ಪರದೆ ಮೇಲೆ ಕಾಣೋದು ಉಳಿದದ್ದು. ಫ್ಯಾನ್ಸ್ ಬಜೆಟ್ ದೊಡ್ಡದಾದಷ್ಟೂ ಖುಷಿ ಪಡ್ತಾರೆ, ಕೇಳಬೇಕಾದದ್ದು ಸಂಭಾವನೆ ಕಳೆದು ಎಷ್ಟು ಅಂತ.

ನಿಜವಾದ ಸೈನ್ಯ ತಂದರೆ ಜನ ಬರ್ತಾರೆ ಅನ್ನೋ ನಂಬಿಕೆಗೂ ಮದ್ದಿದೆ. 1970ರ 'ವಾಟರ್‌ಲೂ' ಚಿತ್ರಕ್ಕೆ ಸೋವಿಯತ್ ಸೇನೆಯ ಹದಿನೈದು ಸಾವಿರದಷ್ಟು ಸೈನಿಕರನ್ನ ನಿಲ್ಲಿಸಿದ್ದರು. ಸಿನಿಮಾ ಮಲಗಿತು. ನಿರ್ದೇಶಕ ಕುಬ್ರಿಕ್‌ನ ನೆಪೋಲಿಯನ್ ಯೋಜನೆ ನಿಂತು ಹೋಗೋಕೆ ಇದರ ಸೋಲೂ ಒಂದು ಕಾರಣ ಅಂತಾರೆ.

ಕೀಫ್ರೇಮ್:
@ಗಾಂಧಿನಗರ_ಲೆಕ್ಕ ಇದರ ಜೊತೆಗೆ ರಿಲೀಸ್ ಡೇಟ್ ಸೇರಿಸಿ ಸರ್. ವಿಎಫ್‌ಎಕ್ಸ್ ಕೆಡೋದು ದುಡ್ಡಿಲ್ಲದೆ ಅಲ್ಲ, ಎಡಿಟ್ ಲಾಕ್ ಆಗದೆ, ಅಂದರೆ ಯಾವ ಶಾಟ್ ಎಷ್ಟು ಉದ್ದ ಅನ್ನೋದು ಅಂತಿಮವಾಗದೆ. ಒಂದು ಶಾಟ್ ಕೊಡುವಾಗ ಹಿಂದೆ ಮುಂದೆ ಎಂಟು ಫ್ರೇಮ್ ಹೆಚ್ಚುವರಿ ಕೊಟ್ಟಿರ್ತಾರೆ. ಎಡಿಟಿಂಗ್‌ನಲ್ಲಿ "ಇನ್ನೊಂದು ಸೆಕೆಂಡ್ ಉದ್ದ ಬೇಕು" ಅಂದರೆ 24 ಫ್ರೇಮ್. ಮ್ಯಾಚ್‌ಮೂವ್ (ಕ್ಯಾಮೆರಾ ಚಲನೆಗೆ ಹೊಂದಿಸೋದು), ರೋಟೋ (ಆಕೃತಿಗಳ ಅಂಚು ಬಿಡಿಸೋದು), ಲೈಟಿಂಗ್, ಕಾಂಪೋಸಿಟ್ (ಪದರಗಳನ್ನ ಕೂಡಿಸೋದು) ಎಲ್ಲ ಆ ಭಾಗಕ್ಕೆ ಮೊದಲಿಂದ. ಹಬ್ಬಕ್ಕೆ ಡೇಟ್ ಘೋಷಿಸಿ, ಹಿಂದಿನ ತಿಂಗಳವರೆಗೂ ಎಡಿಟ್ ಬದಲಿಸ್ತಾ ಕೂತರೆ ಕೊನೇ ರೀಲು ಹಸಿಹಸಿ ಬರುತ್ತೆ. ಕ್ಲೈಮ್ಯಾಕ್ಸ್ ವಿಎಫ್‌ಎಕ್ಸ್ ಯಾವಾಗಲೂ ಮೊದಲರ್ಧಕ್ಕಿಂತ ಕಳಪೆ ಇರೋದು ಇದಕ್ಕೇ, ಅದನ್ನ ಕೊನೆಗೆ ಶುರು ಮಾಡ್ತಾರೆ.

ಟ್ರೇಲರ್ ನೋಡಿ ಗ್ರಾಫಿಕ್ಸ್ ಬೈಯೋರಿಗೂ ಒಂದು ಮಾತು. ಯೂಟ್ಯೂಬಿನ 1080ಪಿಯಲ್ಲಿ ಧೂಳು, ಹೊಗೆ, ಬೆಂಕಿಕಿಡಿ ಇರೋ ಶಾಟ್ ಕಂಪ್ರೆಷನ್‌ಗೆ ಕಲಸಿ ಹೋಗುತ್ತೆ. 4ಕೆ ಇದ್ದರೆ ಅದನ್ನೇ ಹಾಕಿ, ನಿಮ್ಮ ಸ್ಕ್ರೀನ್ 1080 ಇದ್ದರೂ ಸರಿ, ಬಿಟ್‌ರೇಟ್ (ಸೆಕೆಂಡಿಗೆ ಬರೋ ಡೇಟಾ) ಜಾಸ್ತಿ ಸಿಗುತ್ತೆ. ಆಮೇಲೂ ಆನೆ ನೆಗೆದರೆ ಬೈಯಿರಿ.

ಬಾಲದ_ಲೆಕ್ಕ:
ಬಂದೂಕಿನ ಬಗ್ಗೆ ಒಂದು ಬೇಡಿಕೆ. ಯುದ್ಧ ಮುಗಿದ ಮೇಲೆ ಕ್ರಿಸ್ಟೋವಾವೊ ದ ಫಿಗೆರೆದೊ ಅನ್ನೋ ಪೋರ್ಚುಗೀಸ್ ಇಪ್ಪತ್ತು ಬಂದೂಕಿನವರ ಜೊತೆ ರಾಯರ ಕಡೆ ಬರ್ತಾನೆ. ಗೋಡೆ ಮೇಲೆ ತಲೆ ಎತ್ತಿದವರನ್ನ ಕೆಳಗಿನಿಂದ ಹೊಡೀತಾನೆ, ಗೋಡೆ ಕಾಯೋರು ಅಡಗಿಕೊಂಡಾಗ ಕೆಳಗಿನವರು ಆರಾಮಾಗಿ ಕಲ್ಲು ಕೀಳ್ತಾರೆ. ಏನಾಗ್ತಿದೆ ಅಂತ ಕೋಟೆಯ ಅಧಿಕಾರಿ ಬಗ್ಗಿ ನೋಡ್ತಾನೆ, ಗುಂಡು ಹಣೆಗೆ ನೆಡುತ್ತೆ. ಕೋಟೆ ಬಿದ್ದದ್ದು ಹೀಗೆ.

ಇದನ್ನ ತೆಗೆಯೋರು ದಯವಿಟ್ಟು ಬಂದೂಕನ್ನ ಸ್ಟೆನ್ ಗನ್ ಮಾಡಬೇಡಿ. ಮದ್ದು ನಳಿಗೆಗೆ ಸುರಿಯೋದು, ಗುಂಡು ಹಾಕಿ ಗಜದಲ್ಲಿ ಜಡಿಯೋದು, ಕಿವಿಯ ಬಟ್ಟಲಿಗೆ ಚಿಟಿಕೆ ಮದ್ದು ಹಾಕಿ ಮುಚ್ಚೋದು, ಅಷ್ಟೂ ಹೊತ್ತು ಹೊತ್ತಿದ ಬತ್ತಿ ಎಡಗೈ ಬೆರಳ ಸಂದಿನಲ್ಲಿ ದೂರ. ಆಮೇಲೆ ಬತ್ತಿಯ ಬೂದಿ ಊದಿ, ಕೊಕ್ಕೆಗೆ ಸಿಗಿಸಿ, ಬಟ್ಟಲು ತೆರೆದು ಗುರಿ. ಒಂದು ಗುಂಡಿಗೆ ಹೆಚ್ಚುಕಮ್ಮಿ ಒಂದು ನಿಮಿಷ. ಇಷ್ಟನ್ನೂ ಒಂದೇ ಶಾಟ್‌ನಲ್ಲಿ ತೋರಿಸಿ, ಮೇಲೆ ಆ ಅಧಿಕಾರಿ ಬಗ್ಗೋದನ್ನ ಹಿಂದಿನ ಫೋಕಸ್‌ನಲ್ಲಿ ಇಡಿ. ಟೆನ್ಷನ್ ತಾನಾಗಿ ಬರುತ್ತೆ.

ಕೋಟೆಗಲ್ಲು:
ಈಗ ಅಸಲು ಸಮಸ್ಯೆ. ಇತಿಹಾಸದಲ್ಲಿ ಮುತ್ತಿಗೆ ಮೊದಲು ಶುರು, ಮಧ್ಯದಲ್ಲಿ ಬಯಲಿನ ಯುದ್ಧ, ಆಮೇಲೆ ಮತ್ತೆ ಬಂದು ಕೋಟೆ ಗೆದ್ದದ್ದು. ದೊಡ್ಡ ಯುದ್ಧ ಸಿನಿಮಾದ ನಡುವೆ ಬೀಳುತ್ತೆ. ನನ್ನ ಪ್ರಕಾರ ಇಂಟರ್‌ವಲ್ ಹೀಗೆ: ಆದಿಲ್ ಶಾಹನ ಫಿರಂಗಿಗಳೆಲ್ಲ ಒಟ್ಟಿಗೆ ಹಾರುತ್ತವೆ, ರಾಯರ ಮುಂಚೂಣಿ ಒಡೆದು ಹಿಂದಕ್ಕೆ ಓಡುತ್ತೆ. ರಾಯರು ಬೆರಳಿನ ಉಂಗುರ ತೆಗೆದು ಸೇವಕನ ಕೈಗೆ ಕೊಡ್ತಾರೆ, ನಾನು ಸತ್ತೆ ಅನ್ನೋದಕ್ಕೆ ಗುರುತಾಗಿ ರಾಣಿಯರಿಗೆ ತೋರಿಸು ಅಂತ. ಕುದುರೆ ಹತ್ತುತ್ತಾರೆ. ಕಟ್.

ಫಸ್ಟ್_ಶೋ_ಸೀಟಿ:
ಅಯ್ಯೋ ಗುರು, ರೋಮಾಂಚನ! ಬಿಲ್ಡಪ್ ಇದಕ್ಕಿಂತ ಬೇಕಾ? ನಾನು ಒದೆಯೋ ಶಾಟ್ ವಾಪಸ್ ತಗೊಂಡೆ.

ತೆರೆಮರೆ:
ಇಂಟರ್‌ವಲ್ ಅಲ್ಲಿಟ್ಟರೆ ದ್ವಿತೀಯಾರ್ಧದ ಮೊದಲ ಇಪ್ಪತ್ತು ನಿಮಿಷದಲ್ಲಿ ಯುದ್ಧ ಮುಗಿದು, ಇನ್ನೊಂದು ಗಂಟೆ ಗೋಡೆ ಕೀಳೋದೇ ಉಳಿಯುತ್ತೆ. ಒಂದು ದಾರಿ, ಯುದ್ಧವನ್ನ ಕೊನೆಗೆ ಸರಿಸಿ ಸುಳ್ಳು ಹೇಳೋದು. ಸ್ಟರ್ಲಿಂಗ್ ಸೇತುವೆಯ ಯುದ್ಧವನ್ನ ಸೇತುವೆಯೇ ಇಲ್ಲದೆ ತೆಗೆದವರಿದ್ದಾರೆ, 'ಬ್ರೇವ್‌ಹಾರ್ಟ್' ಓಡಿತಲ್ಲ ಅನ್ನಬಹುದು. ಆದರೆ ಸೇತುವೆ ತೆಗೆದ ಮೇಲೆ ಸ್ಕಾಟ್ಲೆಂಡಿನ ನಾಯಕ ವಾಲೇಸ್ ಯಾಕೆ ಗೆದ್ದ ಅನ್ನೋ ತಂತ್ರವೇ ಹೋಯ್ತು, ಬರೀ ಕಿರುಚಾಟ ಉಳೀತು. ಇಲ್ಲಿಯೂ ಹಾಗೇ. ಫಿರಂಗಿಗಳು ಒಟ್ಟಿಗೆ ಹಾರಿದವು, ಮತ್ತೆ ಮದ್ದು ತುಂಬೋಕೆ ಹೊತ್ತು ಬೇಕು, ಆ ಬಿಡುವಿನಲ್ಲಿ ರಾಯರ ಎರಡನೇ ಸಾಲು ನುಗ್ಗಿತು. ಫಿರಂಗಿ ಬಯಲಲ್ಲಿ ಸೋತಿತು, ಇಪ್ಪತ್ತು ಕೈಬಂದೂಕು ಕೋಟೆಯಲ್ಲಿ ಗೆದ್ದವು. ಕ್ರಮ ಬದಲಿಸಿದರೆ ಇದು ಅರ್ಥವಾಗಲ್ಲ.

ನನ್ನ ಸಲಹೆ: 160 ನಿಮಿಷದ ಸಿನಿಮಾ. ಇಂಟರ್‌ವಲ್ 75ನೇ ನಿಮಿಷಕ್ಕೆ, ಆದಿಲ್ ಶಾಹ ಕೃಷ್ಣಾ ದಾಟಿದ ಸುದ್ದಿ ಮುತ್ತಿಗೆಯ ಪಾಳೆಯಕ್ಕೆ ಬಂದಾಗ. ಯುದ್ಧ 95ರಿಂದ 125. ಉಳಿದ ಮೂವತ್ತೈದು ನಿಮಿಷ ಕೋಟೆ. ಮುತ್ತಿಗೆಯ ಕಲ್ಲಿನ ದೃಶ್ಯವನ್ನ ಮೊದಲರ್ಧದಲ್ಲಿ ಒಂದು ಸಲ ಸೋಲಾಗಿ ತೋರಿಸಿರಬೇಕು. ಮತ್ತೆ ಎಡಿಟಿಂಗ್‌ನಲ್ಲಿ ಉದ್ದ ಆಯ್ತು ಅಂತ ಮೊದಲು ಕತ್ತರಿಸೋದು ಇಂಥ ಸೀನನ್ನೇ. 'ಕಿಂಗ್‌ಡಂ ಆಫ್ ಹೆವನ್' ಥಿಯೇಟರ್‌ಗೆ ಬಂದದ್ದು 144 ನಿಮಿಷ, ಡೈರೆಕ್ಟರ್ಸ್ ಕಟ್ 194. ರಾಣಿಯ ಮಗನ ಕಥೆ ಪೂರ್ತಿ ಹಾರಿ ಹೋಗಿ ಆಕೆ ಯಾಕೆ ಹಾಗೆ ಆಡ್ತಾಳೆ ಅನ್ನೋದೇ ಥಿಯೇಟರ್‌ನಲ್ಲಿ ತಿಳೀಲಿಲ್ಲ.

ದೋಆಬದ_ಮಂದಿ:
75ನೇ ನಿಮಿಷದ ಇಂಟರ್‌ವಲ್ ಏನೋ ಸರಿ ಐತ್ರಿ. ಆದ್ರ ಉಂಗುರದ ಸೀನ್ ಯುದ್ಧದ ನಡುವ ಬಂತಂದ್ರ ಅದಕ್ಕ ಹಿಂದ ಒಂದು ಸಲ ಆ ಉಂಗುರ ತೋರಿಸಿರಬೇಕಲ್ಲ? ಪಾಯಸ್ ಹೇಳಿದ ಎಳ್ಳೆಣ್ಣಿ ಸೀನಿನಾಗ ಕುಸ್ತಿಗಿಂತ ಮುಂಚೆ ತಗದು ಅದೇ ಸೇವಕನ ಕೈಯಾಗ ಕೊಡಲಿ, ಮುಗದ ಮ್ಯಾಲೆ ವಾಪಸ್ ತಗೊಳ್ಳಲಿ. ದಿನಾ ಮಾಡೋ ಕೆಲಸ ಅನ್ನೋಹಂಗ.

ತೆರೆಮರೆ:
@ದೋಆಬದ_ಮಂದಿ ಆಗುತ್ತೆ ಸರ್. ಅದು ದಾಖಲೆಯಲ್ಲಿಲ್ಲ, ಆದರೆ ಇರೋದನ್ನ ಕೆಡಿಸಲ್ಲ. ಸೇರಿಸೋದಾದರೆ ಈ ತರದ್ದು ಸೇರಿಸಲಿ.